ಗೋಧಿಯ ಬಣ್ಣ

2020ನೆಯ ಇಸವಿಯ ಫೆಬ್ರವರಿಯಲ್ಲಿ ನಾನೂ ನಮ್ಮ ಮನೆಯವರೂ ಅಮೆರಿಕೆಯ ನ್ಯೂ ಜೆರ್ಸಿ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋದೆವು. ರಾಮನವಮಿಯ ಪಾನಕದ ಹೊತ್ತಿಗೆ ಊರಿನಲ್ಲಿರಬೇಕೆಂಬುದು ನಮ್ಮ ಸಂಕಲ್ಪ. ದೈವಸಂಕಲ್ಪ ಬೇರೆಯಾಗಿತ್ತು. ಮಾರ್ಚಿ ತಿಂಗಳಲ್ಲಿ ಸಾಂಕ್ರಾಮಿಕದ ದೆಸೆಯಿಂದ ವಿಮಾನಗಳು ನಿಂತುಹೋದುವು. ಆಮೇಲೆ ವಿಶೇಷ ವಿಮಾನಗಳು ಹೊರಟರೂ, ವಯಸ್ಸಾದವರು ಈಗ ಪ್ರಯಾಣಮಾಡಕೂಡದೆಂದು ಮಗಳು ತಡೆದಳು. ಹೀಗಾಗಿ ನವೆಂಬರಿನವರೆಗೂ ಅಲ್ಲಿಯೇ ಇದ್ದೆವು.

ಹೊರಗೆ ಕಾಲಿಡುವಂತಿರಲಿಲ್ಲ. ತಂದಿದ್ದ ಎರಡು ಪುಸ್ತಕಗಳು ಏಪ್ರಿಲಿಗೇ ಮುಗಿದುವು. ರಾತ್ರಿಯ ಊಟವಾದ ಬಳಿಕ ಮಗಳು ಗಣಕಯಂತ್ರದ ಮುಂದೆ ಕುಳಿತು ಒಂದು ಆಟವನ್ನಾಡುತ್ತಿದ್ದಳು. ಅಮರಕೋಶದ ಪಾಠವನ್ನು ತಪ್ಪಿಸಿ ಚಿನ್ನಿದಾಂಡಿಗೆ ಓಡುತ್ತಿದ್ದ ಹುಡುಗರನ್ನು ಮೂವತ್ತು ವರ್ಷ ಗದರಿಸಿದ ಮೇಷ್ಟರು ನಾನು. ಬೇರೇನೂ ತೋಚದೆ ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತೆನು. ಒಂದು ವಾರ ಕಳೆಯುವುದರೊಳಗೆ, ಅವಳು ಆಡದ ದಿನ ನನಗೆ ಬೇಸರವಾಗತೊಡಗಿತು.

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಬ್ಲಿಜರ್ಡ್ ಎಂಬ ಅಮೆರಿಕದ ಸಂಸ್ಥೆ ಇದನ್ನು 2004ನೆಯ ನವೆಂಬರಿನಲ್ಲಿ ಹೊರತಂದಿತು. ಆಝೆರಾಥ್ ಎಂಬುದೊಂದು ಕಲ್ಪಿತ ಲೋಕ; ಅದರಲ್ಲಿ ಮನುಷ್ಯರು, ಕುಳ್ಳರು, ಯಕ್ಷರನ್ನು ಹೋಲುವ ಉದ್ದಕಿವಿಯವರು, ಆರ್ಕ್ ಎಂಬ ಹಸುರುಮೈಯವರು. ದೇಶವಿದೇಶಗಳ ಜನ ಏಕಕಾಲದಲ್ಲಿ ಅಲ್ಲಿಗೆ ಬಂದು ಆಡುತ್ತಾರೆ. 2010ರಲ್ಲಿ ಹಣ ತೆತ್ತು ಆಡುವವರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮುಟ್ಟಿತ್ತಂತೆ. ಪ್ರತಿಯೊಬ್ಬನೂ ಮೊದಲು ತನಗೊಂದು ದೇಹವನ್ನು ಆರಿಸಿಕೊಳ್ಳಬೇಕು. ಇಂತಹ ಆಟಗಳಲ್ಲಿ ಆ ದೇಹಕ್ಕೆ 'ಅವತಾರ' ಎಂಬ ನಮ್ಮ ಶಬ್ದವನ್ನೇ ಪಾಶ್ಚಾತ್ಯರು ಬಳಸುವುದುಂಟೆಂದು ಕೇಳಿ, ಧಾತುವೇನು, ಉಪಸರ್ಗವೇನು ಎಂದು ಮಗಳಿಗೆ ವಿವರಿಸಹೋದೆನು. ಅವಳು ಆಗ ಯಾವುದೋ ರಾಕ್ಷಸನೊಡನೆ ಕಾದುತ್ತಿದ್ದಳು. “ಅಪ್ಪ, ಒಂದು ನಿಮಿಷ ತಡೆಯಿರಿ, ಸಾಯುತ್ತೇನೆ” ಎಂದಳು. ವ್ಯಾಕರಣ ಅಲ್ಲಿಗೇ ನಿಂತಿತು.

ಆ ಲೋಕದವರಿಗೆ ಒಂದು ದೊಡ್ಡ ಹಂಬಲವಿತ್ತೆಂಬುದು ನನಗೆ ಕ್ರಮೇಣ ತಿಳಿಯಿತು. ಅದು ಐಶ್ವರ್ಯದ ಹಂಬಲವಲ್ಲ, ರೂಪದ ಹಂಬಲ. 2004ರಲ್ಲಿ ಕೊಟ್ಟ ಮುಖಗಳು ಆ ಕಾಲದ ಯಂತ್ರಗಳ ಶಕ್ತಿಗೆ ತಕ್ಕಂತೆ ಮೋಟಾಗಿದ್ದುವು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಂತಿದ್ದುವು. ಯಂತ್ರಗಳು ಬಲಿತಂತೆ ಲೋಕದ ಗಿಡಮರಗಳೂ ಮೃಗಗಳೂ ಚೆಲುವಾದುವು, ಆಡುವವರು ಮಾತ್ರ ಹಳೆಯ ಮುಖದಲ್ಲೇ ಉಳಿದರು. ಕೂದಲಿನ ಕಟ್ಟನ್ನು ಬದಲಾಯಿಸಿಕೊಳ್ಳಲು ಕ್ಷೌರದ ಅಂಗಡಿಯೊಂದು ದೊರೆತುದೇ 2008ರಲ್ಲಿ. ಮುಖಗಳನ್ನು ತಿದ್ದುವುದು ಏತಕ್ಕೆ ತಡವೆಂದು ಕೇಳಿದೆನು. ಒಂದೊಂದು ಕುಲದ ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಮೈಕಟ್ಟು; ಹತ್ತು ವರ್ಷದಲ್ಲಿ ಹೊಲಿದಿಟ್ಟ ಸಾವಿರಾರು ಕವಚ ಕಿರೀಟಗಳು ಹೊಸ ಮೈಗೂ ಸರಿಯಾಗಿ ಕೂರಬೇಕು; ನಡಿಗೆ, ನಗು, ಕುಣಿತ ಎಲ್ಲವನ್ನೂ ಮತ್ತೆ ಮಾಡಬೇಕು ಎಂದು ಮಗಳು ಹೇಳಿದಳು. ಮದುವೆಯ ಮನೆಯಲ್ಲಿ ಹಳೆಯ ರವಿಕೆಗಳನ್ನು ಬಿಚ್ಚಿ ಹೊಲಿಸುವ ಕಷ್ಟವನ್ನು ಕಂಡ ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಕೊನೆಗೆ 2014ನೆಯ ಅಕ್ಟೋಬರಿನಲ್ಲಿ ಹೊಸ ರೂಪಗಳು ಬಂದುವು. ಬಂದಾಗ ಕಾದಿದ್ದವರಲ್ಲೇ ಎಷ್ಟೋ ಮಂದಿ, “ಇದು ನಾನಲ್ಲ” ಎಂದು ಗೋಳಾಡಿದರಂತೆ! ನನ್ನ ಮಗಳೂ ನಾಲ್ಕು ದಿನ ಮುನಿಸಿಕೊಂಡಿದ್ದಳಂತೆ, ಹುಬ್ಬು ಮೇಲಕ್ಕೆ ಹೋಗಿದೆಯೆಂದು. ಬೇಕೆಂಬವರು ಹಳೆಯ ರೂಪದಲ್ಲೇ ನೋಡಿಕೊಳ್ಳಲು ಸಂಸ್ಥೆಯವರು ಆಗ ಅವಕಾಶವಿಟ್ಟಿದ್ದರು. ನನಗೆ ನಮ್ಮೂರ ಮಾರಮ್ಮನ ನೆನಪಾಯಿತು. ಜಾತ್ರೆಗೆ ಮುಂಚೆ ಮರದ ವಿಗ್ರಹಕ್ಕೆ ಬಣ್ಣ ಮಾಡಿಸಿದರೆ, ಮುದುಕಿಯರು ಹಣ್ಣುಕಾಯಿಯ ತಟ್ಟೆಯನ್ನು ಹಿಡಿದುಕೊಂಡು, “ನಮ್ಮಮ್ಮನ ಕಣ್ಣು ಹೀಗಿರಲಿಲ್ಲ” ಎಂದು ಅನುಮಾನಿಸುತ್ತ ನಿಲ್ಲುತ್ತಿದ್ದರು. ಗೂನು ಬೆನ್ನಿನ ಆರ್ಕರಿಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವ ಭಾಗ್ಯ 2018ರಲ್ಲಿ ದೊರೆಯಿತು. ಬರೆವಣಿಗೆಯ ಪುಸ್ತಕಗಳನ್ನು ತಿದ್ದಿ ತಿದ್ದಿ ಬಾಗಿದ ನನ್ನ ಬೆನ್ನಿಗೆ ಅದು ದೊರೆಯಲಿಲ್ಲ.

ಆದರೆ ಮಗಳ ನಿಜವಾದ ಹಂಬಲ ಹುಬ್ಬಿನದಲ್ಲವೆಂದು ಆಗಸ್ಟಿನ ಒಂದು ರಾತ್ರಿ ಗೊತ್ತಾಯಿತು. ಅವಳ ಅವತಾರ ಮನುಷ್ಯಕುಲದ ಒಬ್ಬ ಹೆಂಗಸು. ಹತ್ತು ವರ್ಷದಿಂದ ಅದೇ. ಅದರ ಮೈ ಬಿಳುಪೂ ಅಲ್ಲ, ಕಪ್ಪೂ ಅಲ್ಲ. ನನ್ನ ಮಗಳಾದರೋ ಕಪ್ಪು. ನನ್ನ ತಾಯಿಯ ಬಣ್ಣ ಅವಳಿಗೆ ಇಳಿದಿದೆ. “ಇಲ್ಲಿ ಕಪ್ಪು ಬಣ್ಣವೇ ಇಲ್ಲವೆ, ಮಗು?” ಎಂದೆನು.

“ಬಣ್ಣವಿತ್ತು, ಅಪ್ಪ. ಮುಖ ಇರಲಿಲ್ಲ. ಬಿಳಿಯವರ ಮೂಗು ಬಾಯಿಗೆ ಮಸಿ ಬಳಿದ ಹಾಗೆ ಕಾಣುತ್ತಿತ್ತು. ಅದಕ್ಕೇ ಇದನ್ನು ಆರಿಸಿಕೊಂಡೆ.” ಸ್ವಲ್ಪ ತಡೆದು ನಕ್ಕಳು. “ನನ್ನದು ಗೋಧಿಯ ಬಣ್ಣವೆಂದು ನೀವೇ ಬರೆಸಿದ್ದಿರಲ್ಲ.”

ಬರೆಸಿದ್ದುದು ನಿಜ. 2010ರ ಬೇಸಗೆ, ಅವಳು ಹೆಚ್ಚಿನ ವ್ಯಾಸಂಗಕ್ಕೆ ಹೊರಡುವ ಮೊದಲು ಜಾತಕವನ್ನು ನಾಲ್ಕು ಕಡೆಗೆ ಕಳುಹಿಸೋಣವೆಂದು ವಿವರಗಳ ಪತ್ರವೊಂದನ್ನು ಸಿದ್ಧಪಡಿಸಿದೆನು. ನನಗೆ ಯಂತ್ರದಲ್ಲಿ ಅಕ್ಷರ ಒತ್ತಲು ಬಾರದು. ನಾನು ಹೇಳುತ್ತ ಹೋದೆನು, ಅವಳು ಒತ್ತುತ್ತ ಹೋದಳು. ಗೋತ್ರ, ನಕ್ಷತ್ರ, ಎತ್ತರ. 'ಮೈಬಣ್ಣ' ಎಂದಾಗ ನಾನು ಕಿಟಕಿಯ ಕಡೆ ನೋಡುತ್ತ, “ಗೋಧಿಯ ಬಣ್ಣ ಎಂದು ಹಾಕು” ಎಂದೆನು. ಎಣ್ಣೆಗೆಂಪು ಎನ್ನಲು ನನಗೇ ಬಾಯಿ ಬರಲಿಲ್ಲವೆಂಬುದಷ್ಟೇ ನನ್ನ ಸತ್ಯಸಂಧತೆ. ಅವಳು ಏನೂ ಹೇಳದೆ ಒತ್ತಿದಳು. ಆ ಪತ್ರದಿಂದ ಯಾವ ಸಂಬಂಧವೂ ಕೂಡಿಬರಲಿಲ್ಲ; ಮೂರು ವರ್ಷಗಳ ಮೇಲೆ ಅಳಿಯಂದಿರು ಪತ್ರವನ್ನು ಕೇಳದೆ ಅವಳನ್ನೇ ನೋಡಿ ಮದುವೆಯಾದರು. ನಾನು ಅದನ್ನು ಮರೆತಿದ್ದೆನು. ಅದೇ ವರ್ಷದ ಚಳಿಗಾಲದಲ್ಲಿ, ಹೊಸ ದೇಶದ ಒಂಟಿ ಕೊಠಡಿಯಲ್ಲಿ ಕುಳಿತು ಅವಳು ತನ್ನ ಅವತಾರಕ್ಕೆ ಬಣ್ಣವನ್ನು ಆರಿಸಿಕೊಂಡಿದ್ದಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಸಂಜೆಯ ಹೊತ್ತು ಮನೆಗೆ ಬರುತ್ತಿದ್ದ ಹುಡುಗರಿಗೆ ನಾನು ಮೇಘದೂತವನ್ನು ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಯಕ್ಷನು ತನ್ನ ಹೆಂಡತಿಯನ್ನು ವರ್ಣಿಸುವಲ್ಲಿ ಕಾಳಿದಾಸನು 'ಶ್ಯಾಮಾ' ಎಂದಿದ್ದಾನೆ. ಮಲ್ಲಿನಾಥನು ಅದಕ್ಕೆ 'ಯುವತಿ' ಎಂದು ಅರ್ಥಮಾಡಿದ್ದಾನೆ. ಶ್ಯಾಮೆಯೆಂದರೆ ಕಾಸಿದ ಚಿನ್ನದ ಬಣ್ಣದವಳೆಂದು ಹೇಳುವ ಲಕ್ಷಣಶ್ಲೋಕವೂ ಉಂಟು. ನಾನು ಎರಡನ್ನೂ ಹೇಳಿಕೊಟ್ಟೆನು. ಕಪ್ಪಾದವಳು ಎಂಬ ನೇರವಾದ ಅರ್ಥವನ್ನು ಹೇಳಿಕೊಟ್ಟ ನೆನಪಿಲ್ಲ. ವ್ಯಾಖ್ಯಾನಕಾರರಿಗೆ ಕೋಶದ ಆಧಾರವಾದರೂ ಇತ್ತು. ಮಗಳನ್ನು ಕುರಿತು ನಾನು ಮಾಡಿದ ವ್ಯಾಖ್ಯಾನಕ್ಕೆ ಯಾವ ಕೋಶದ ಆಧಾರವಿತ್ತು?

ಅಕ್ಟೋಬರು 13ರಂದು ಅವಳು ಕಾದಿದ್ದುದು ಬಂದಿತು. ಮನುಷ್ಯಕುಲಕ್ಕೆ ನಾನಾ ದೇಶದವರ ಮುಖಗಳೂ ಚರ್ಮದ ಛಾಯೆಗಳೂ ಗುಂಗುರು ಕೂದಲೂ ದೊರೆತುವು. ಅಲ್ಲದೆ ಕ್ಷೌರದ ಅಂಗಡಿಯಲ್ಲಿಯೇ ಮೈಬಣ್ಣವನ್ನೂ ಬದಲಾಯಿಸಿಕೊಳ್ಳುವ ಹಾಗಾಯಿತು. ಲೋಕದಲ್ಲಿ ಇಂಥ ಕ್ಷೌರಿಕನು ಮತ್ತೊಬ್ಬನಿಲ್ಲ. ಊಟವನ್ನು ಬೇಗ ಮುಗಿಸಿ ಸ್ಟಾರ್ಮ್‌ವಿಂಡ್ ಎಂಬ ಆ ರಾಜಧಾನಿಯ ಅಂಗಡಿಗೆ ಹೋಗಿ ಕುಳಿತಳು. ನಾನೂ ಹೋದೆನೆಂದೇ ಹೇಳಬೇಕು. ಮುಕ್ಕಾಲು ಗಂಟೆ ಮುಖಗಳನ್ನು ನೋಡಿದೆವು. ಒಂದಕ್ಕೆ ದವಡೆ ಹೆಚ್ಚಾಯಿತು, ಇನ್ನೊಂದು ಕೋಪಿಷ್ಠೆಯಂತಿತ್ತು. ಕೊನೆಗೊಂದು ಮುಖ ಒಪ್ಪಿಗೆಯಾಯಿತು. ಬಣ್ಣದ ಸಾಲಿನಲ್ಲಿ ಬೆರಳು ನಿಲ್ಲಿಸಿ, “ಇಷ್ಟು ಸಾಕೆ, ಅಪ್ಪ?” ಎಂದು ಕೇಳಿದಳು.

“ಇನ್ನೊಂದು ಛಾಯೆ ಮುಂದಕ್ಕೆ ಹೋಗು” ಎಂದೆನು.

ಅವಳು ನನ್ನ ಮುಖವನ್ನು ನೋಡಿದಳು. ಮುಂದಕ್ಕೆ ಹೋದಳು.

ಅಷ್ಟರಲ್ಲಿ ಮಜ್ಜಿಗೆಯ ಲೋಟಗಳನ್ನು ತಂದ ನಮ್ಮ ಮನೆಯವರು, ಎಂಟು ತಿಂಗಳಲ್ಲಿ ಒಮ್ಮೆಯೂ ಆ ಆಟದ ಕಡೆ ಕಣ್ಣೆತ್ತದವರು, ಅಲ್ಲಿಯೇ ನಿಂತರು. “ಇದು ಯಾರು? ಅತ್ತೆಯವರ ಹಾಗೆ ಕಾಣುತ್ತಾರಲ್ಲ. ತಲೆಗೊಂದಿಷ್ಟು ಎಣ್ಣೆ ಹಚ್ಚಬಾರದೆ?” ಎಂದರು. ಎಣ್ಣೆಯ ಸೌಕರ್ಯವಿಲ್ಲವೆಂದು ಮಗಳು ನಗುತ್ತ ಹೇಳಿದಳು. ಆ ನಗುವಿನ ನಡುವೆ, ಹತ್ತು ವರ್ಷದ ಹಿಂದಿನ ಆ ಪತ್ರದ ವಿಷಯದಲ್ಲಿ ನಾನು ತಪ್ಪುಮಾಡಿದೆನೆಂದು ಹೇಳಿದೆನು. ಅವಳು ಪರದೆಯಿಂದ ಕಣ್ಣು ತೆಗೆಯದೆ, “ಗೊತ್ತು, ಅಪ್ಪ. ಮಜ್ಜಿಗೆ ಕುಡಿಯಿರಿ” ಎಂದಳು.

ಊರಿಗೆ ಬಂದ ಮರುವರ್ಷ ನನ್ನ ತಮ್ಮನು ತನ್ನ ಮಗಳ ವಿವರಗಳ ಪತ್ರವನ್ನು ಭಾಷೆ ತಿದ್ದಿಕೊಡಬೇಕೆಂದು ತಂದನು. ನಾಲ್ಕನೆಯ ಸಾಲಿನಲ್ಲಿ ಅದೇ ಗೋಧಿ. ಕೆಂಪು ಮಸಿಯಲ್ಲಿ ಅದನ್ನು ಹೊಡೆದುಹಾಕಿದೆನು. “ಅದನ್ನು ತೆಗೆದರೆ ಉತ್ತರ ಬರೆಯುವವರು ಯಾರು, ಅಣ್ಣ? ನೀನು ನಿನ್ನ ಮಗಳ ಮದುವೆ ಮುಗಿಸಿದವನು” ಎಂದನು. ನಾನು ಹೇಳಬೇಕಾದುದನ್ನೆಲ್ಲ ಹೇಳಿದೆನು. ಅವನು ಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಕಾಫಿಯನ್ನೂ ಕುಡಿಯದೆ ಹೊರಟನು. ಅದನ್ನು ಹೇಗೆ ಕಳುಹಿಸಿದನೋ ನಾನು ಕೇಳಲಿಲ್ಲ.