ರೊಟ್ಟಿ ಎಷ್ಟಾದರೂ, ಲೆಕ್ಕ ಆಮೇಲೆ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟವರಿಗೆ ತೊರವಿ ದಾಟುವಷ್ಟರಲ್ಲಿ ಹಸಿವಾಗುತ್ತದೆ. ಮನೆಯಲ್ಲಿ ಉಂಡು ಬಂದವರಿಗೂ ಆಗುತ್ತದೆ. ತಪ್ಪು ಹೊಟ್ಟೆಯದಲ್ಲ, ಖಾನಾವಳಿ ಬೋರ್ಡುಗಳದು. ನನಗಂತೂ ಅವನ್ನು ಓದುವ ಚಟ. ಮೇಲೆ ದಪ್ಪ ಅಕ್ಷರದಲ್ಲಿ ‘ಊಟ ಅನ್‌ಲಿಮಿಟೆಡ್’ ಎಂದಿರುತ್ತದೆ. ಒಳಗೆ ಹೋಗಿ ಕೂತ ಮೇಲೆ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಉಳಿದ ಶಾಸನ ಕಾಣುತ್ತದೆ: ರೊಟ್ಟಿ ಎರಡು ಮಾತ್ರ, ಹೆಚ್ಚಿನ ರೊಟ್ಟಿಗೆ ಬೇರೆ ರೊಕ್ಕ, ಒಂದು ತಾಟಿನಲ್ಲಿ ಇಬ್ಬರು ಉಣ್ಣುವಂತಿಲ್ಲ, ಪಾರ್ಸಲ್ ಬೇರೆ, ಉದ್ರಿ ಕೇಳಬಾರದು. ಹಾಗಾದರೆ ಅನ್‌ಲಿಮಿಟೆಡ್ ಆದದ್ದು ಯಾವುದು? ಅನ್ನ, ಸಾರು, ಮಜ್ಜಿಗೆ, ಮತ್ತೆ ಮಾಲಕರ ಮಾತು.

ಜಗತ್ತಿನ ದೊಡ್ಡ ದೊಡ್ಡ ಹೋಟೆಲು ಕಂಪನಿಗಳು ಈಗ ಇದೇ ವ್ಯಾಪಾರಕ್ಕೆ ಇಳಿದಿವೆ ಎಂಬುದು ನನಗೆ ತಿಳಿದದ್ದು ಅಳಿಯನಿಂದ. ನನ್ನ ತಂಗಿಯ ಮಗ ಡಲ್ಲಾಸಿನಲ್ಲಿದ್ದಾನೆ. ತಂಗಿಯ ಮನೆ ಟಿಕೋಟಾದ ಕಡೆ. ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಬರುವ ವರ್ಷ ಅವ್ವ-ಅಪ್ಪ ಅಮೆರಿಕಕ್ಕೆ ಬಂದಾಗ ಮೆಕ್ಸಿಕೋದ ಕ್ಯಾನ್‌ಕುನ್ ಸಮುದ್ರ ತೋರಿಸಬೇಕು, ಅದೂ ಹೋಟೆಲಿನ ಪಾಯಿಂಟು ಖರ್ಚು ಮಾಡಿ, ಎಂದು ಅವನ ಹಂಚಿಕೆ. ಅದಕ್ಕೆ ನನಗೆ ಫೋನು.

“ಮಾಮಾ, ಝಿವಾ ಛಲೋನೋ, ಡ್ರೀಮ್ಸ್ ಛಲೋನೋ? ಅವ್ವಗ ಯಾವುದು ಒಗ್ಗತೈತಿ?”

ಝಿವಾ ಎಂದರೆ ಬೀಜದ ಕಂಪನಿ ಇರಬೇಕು ಎಂದುಕೊಂಡವನು ನಾನು. ಅವನು ಬಿಡಿಸಿ ಹೇಳಿದ. ಹಯಾತ್ ಎಂಬ ಹೋಟೆಲು ಕಂಪನಿಗೆ ಮೊದಲಿನಿಂದ ಝಿವಾ, ಝಿಲಾರಾ ಎಂಬ ಎರಡು ಬಗೆಯ ರೆಸಾರ್ಟುಗಳಿದ್ದವು. ಒಮ್ಮೆ ರೊಕ್ಕ ಕಟ್ಟಿದರೆ ವಸತಿ, ಊಟ, ಕುಡಿಯುವುದು, ಆಟ, ಹಾಡು ಎಲ್ಲ ಅದರಲ್ಲೇ. 2021ರಲ್ಲಿ ಅದು ಆ್ಯಪಲ್ ಲೀಶರ್ ಗ್ರೂಪ್ ಎಂಬ ಇನ್ನೊಂದು ಕಂಪನಿಯನ್ನು 270 ಕೋಟಿ ಡಾಲರಿಗೆ ಕೊಂಡಿತು. ಸೀಕ್ರೆಟ್ಸ್, ಡ್ರೀಮ್ಸ್, ಬ್ರೆತ್‌ಲೆಸ್, ಝೊಯೆಟ್ರಿ, ಸನ್‌ಸ್ಕೇಪ್ ಎಲ್ಲ ಒಂದೇ ಚಾವಣಿಯ ಕೆಳಗೆ ಬಂದವು. ಮರುವರ್ಷದಿಂದ ಹಯಾತ್ ಪಾಯಿಂಟು ಕೊಟ್ಟು ಇವುಗಳಲ್ಲೂ ಇರಬಹುದಾಯಿತು. ಮ್ಯಾರಿಯಟ್, ಹಿಲ್ಟನ್, ವಿಂಡಮ್ ಕಂಪನಿಗಳದ್ದೂ ಇಂಥವೇ ಇವೆ, ಆದರೆ ನನ್ನ ಅಳಿಯ ಹಯಾತ್ ಪಂಥದವನು.

ಇವುಗಳಲ್ಲಿ ಭೇದ ಏನು ಎಂದು ಕೇಳಿದೆ. ಊಟದ್ದೋ ಹಾಸಿಗೆಯದ್ದೋ ಭೇದ ಹೇಳುತ್ತಾನೆ ಅಂದರೆ, ಅವನು ಮಕ್ಕಳಿಂದ ಶುರುಮಾಡಿದ. ಝಿವಾದಲ್ಲಿ ಮಕ್ಕಳು ಇರಬಹುದು, ಝಿಲಾರಾದಲ್ಲಿ ದೊಡ್ಡವರಷ್ಟೇ. ಡ್ರೀಮ್ಸ್ ಸಂಸಾರವಂದಿಗರಿಗೆ, ಸೀಕ್ರೆಟ್ಸ್ ಜೋಡಿಗಳಿಗೆ. ಬ್ರೆತ್‌ಲೆಸ್ ಅಂದರೆ ರಾತ್ರಿಯಿಡೀ ಡೋಲು. ಝೊಯೆಟ್ರಿ ಚಿಕ್ಕದು, ಸದ್ದಿಲ್ಲದ್ದು, ಮೈಕೈ ತಿಕ್ಕಿಸಿಕೊಂಡು ಆರಾಮ ಮಾಡುವವರಿಗೆ. ಸನ್‌ಸ್ಕೇಪ್ ಸ್ವಲ್ಪ ಸೋವಿ. ಇಷ್ಟೂ ಹೆಸರುಗಳ ಗುಟ್ಟು ಒಂದೇ: ಬಾಜೂಕಿನ ಟೇಬಲ್ಲಿನಲ್ಲಿ ಯಾರು ಕೂತಿರಬೇಕು ಎಂಬುದನ್ನು ಮಾರುತ್ತಾರೆ. ತಿನ್ನುವುದಕ್ಕಿಂತ ಅದಕ್ಕೇ ರೊಕ್ಕ.

ತಂಗಿಯೂ ಊರಿನಿಂದ ಅದೇ ಫೋನಿಗೆ ಸೇರಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. “ಹುಡುಗರಿಲ್ಲದ ಮನ್ಯಾಗ ಹೋಗಿ ನಾವೇನ್ ಮಾಡೂದಪ? ಸೂತಕದ ಮನಿ ಇದ್ದಂಗ ಇರತೈತಿ” ಅಂದಳು. ಅರ್ಧ ಪಟ್ಟಿ ಅಲ್ಲೇ ಖಾಲಿಯಾಯಿತು.

ಒಂದೇ ಹೆಸರಿನ ಕೆಳಗೆ ಎಲ್ಲ ತರುವ ಹುಚ್ಚು ಅಥಣಿ ರಸ್ತೆಗೆ ಹೊಸದಲ್ಲ, ಇದನ್ನಿಲ್ಲಿ ಹೇಳಿಯೇ ಮುಂದೆ ಹೋಗಬೇಕು. ಇಬ್ರಾಹಿಂ ರೋಜಾದಲ್ಲಿ ಮಲಗಿದ್ದಾನಲ್ಲ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲಶಾಹ, ಅವನಿಗೆ ‘ನವರಸ’ ಎಂಬ ಹೆಸರಿನ ಮೇಲೆ ವಿಪರೀತ ಮೋಹ. ತಾನು ಬರೆದ ಹಾಡುಗಳ ಪುಸ್ತಕ ಕಿತಾಬ್-ಎ-ನವರಸ. ಅರಮನೆ ನವರಸ. ಹಬ್ಬ ನವರಸ. 1599ರಲ್ಲಿ ತೊರವಿಯ ಬಳಿ ಕಟ್ಟಲು ತೊಡಗಿದ ಊರೇ ನವರಸಪುರ. ಅಲ್ಲಿನ ಸಂಗೀತ ಮಹಲಿನ ಎತ್ತರದ ಕಮಾನು ಇವತ್ತಿಗೂ ನಿಂತಿದೆ. ಕೋಟೆಯ ಗದ್ದಲ ಬೇಡ, ಹಾಡು ಬೇಕು, ನೀರು ಬೇಕು, ಗಾಳಿ ಬೇಕು ಎಂದವನು ಊರ ಹೊರಗೆ ಕಟ್ಟಿದ್ದು. ರೆಸಾರ್ಟ್ ಅನ್ನಲು ಇನ್ನೇನು ಬೇಕು? 1624ರಲ್ಲಿ ಮಲಿಕ್ ಅಂಬರ್ ಎಂಬ ಸೇನಾಪತಿ ಬಂದು ಅದನ್ನು ಹಾಳುಗೆಡವಿದ. ಅವನು ಪಾಯಿಂಟು ಕೇಳಿಕೊಂಡು ಬಂದ ಗಿರಾಕಿಯಲ್ಲ.

ಇನ್ನೊಂದು ಅದೇ ಶತಮಾನದ್ದು. ಇಬ್ರಾಹಿಂನ ಮಗ ಮುಹಮ್ಮದ ಆದಿಲಶಾಹನ ಕಾಲದಲ್ಲಿ ಮುಸ್ತಫಾ ಖಾನ ಎಂಬ ಸರದಾರ ನಗರದ ಪಶ್ಚಿಮಕ್ಕೆ ದಾರಿಹೋಕರಿಗಾಗಿ ದೊಡ್ಡ ಸರಾಯಿ ಕಟ್ಟಿಸಿದ. ಸುತ್ತ ಕಮಾನಿನ ಕೋಣೆಗಳು, ನಡುವೆ ಬಯಲು. ಆಮೇಲೆ ಅದು ಜೈಲಾಯಿತು. ದರ್ಗಾ ಜೈಲು ಎಂದು ಜಿಲ್ಲೆಗೆಲ್ಲ ಗೊತ್ತಿರುವುದು ಇದೇ. ವಸತಿ, ಚಹಾ, ಎರಡು ಹೊತ್ತಿನ ಊಟ, ಕಾವಲು, ಯಾವುದಕ್ಕೂ ಬಿಲ್ಲಿಲ್ಲ. ದೊಡ್ಡವರಿಗೆ ಮಾತ್ರ ಪ್ರವೇಶ. ಝಿಲಾರಾ ಪದ್ಧತಿ.

ಈ ಎಲ್ಲ ಒಳಗೊಂಡ ಪದ್ಧತಿಯನ್ನು ಯುರೋಪಿನಲ್ಲಿ ದೊಡ್ಡದು ಮಾಡಿದವನು ಗೆರಾರ್ ಬ್ಲಿಟ್ಜ್ ಎಂಬ ಬೆಲ್ಜಿಯಂ ದೇಶದ ವಾಟರ್ ಪೋಲೊ ಆಟಗಾರ. 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹೊಡೆದು ಕ್ಲಬ್ ಮೆಡ್ ಶುರುಮಾಡಿದ. ಯುದ್ಧ ಮುಗಿದು ಐದು ವರ್ಷ. ಜನಕ್ಕೆ ಬಿಸಿಲು ಬೇಕಾಗಿತ್ತು, ಜೇಬಿನ ಚಿಂತೆ ಬೇಡವಾಗಿತ್ತು. ಮುಂದೆ ಅಲ್ಲಿ ಕುಡಿಯುವುದಕ್ಕೆ ಮಾತ್ರ ಬೇರೆ ಲೆಕ್ಕವಾಯಿತು, ಅದಕ್ಕೂ ನಾಣ್ಯದ ಬದಲು ಕೊರಳಿನ ಸರದಿಂದ ಮಣಿ ಬಿಚ್ಚಿ ಕೊಡಬೇಕಿತ್ತು. ನಮ್ಮಲ್ಲೂ ಸರ್ಕಾರವೇ 1980ರಲ್ಲಿ ಜಂಗಲ್ ಲಾಡ್ಜಸ್ ಕಂಪನಿ ಮಾಡಿ ಕಬಿನಿಯಲ್ಲಿ ಇದನ್ನೇ ನಡೆಸಿಕೊಂಡು ಬಂದಿದೆ. ಕೋಣೆ, ಊಟ, ಸಫಾರಿ, ಕಾಡಿನ ಪ್ರವೇಶ ಶುಲ್ಕ ಎಲ್ಲ ಒಂದೇ ಪಾವತಿಯಲ್ಲಿ. ಹುಲಿ ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಒಂದೇ ರೊಕ್ಕಕ್ಕೆ ಎಲ್ಲ ಎಂಬ ವ್ಯವಹಾರದಲ್ಲಿ ಕಡಿಮೆ ಉಣ್ಣುವವನು ಹೆಚ್ಚು ಉಣ್ಣುವವನ ಬಿಲ್ಲು ಕಟ್ಟುತ್ತಾನೆ. ರೊಟ್ಟಿಗೆ ಮಿತಿಯಿಲ್ಲದ ಖಾನಾವಳಿಗೆ ಬನ್ನಿ, ಈಗಲೂ ಕೆಲವಿವೆ. ಸಾರವಾಡ ಕಡೆಯಿಂದ ಡೋಣಿ ದಂಡೆಯ ರೈತ ಕೂತಿರುತ್ತಾನೆ. ತಾಟಿನಲ್ಲಿ ಎಣಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹಸಿ ಮೆಂತ್ಯೆ ಸೊಪ್ಪು, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಬಡಿಯುವಾಕೆ ಒಳಗೆ ಪಟ ಪಟ ಬಡಿಯುತ್ತಿರುತ್ತಾಳೆ. ಬಿಸಿ ರೊಟ್ಟಿ ಬಂದು ಬಿದ್ದಂತೆ ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಹಿಂಡಿ-ಮೊಸರಿನಲ್ಲಿ ಒತ್ತಿ ಉಣ್ಣುತ್ತಾನೆ. ಏಳನೆಯದು, ಎಂಟನೆಯದು. ಎದುರಿಗೆ ಶುಗರ್ ಇರುವ ಹೈಸ್ಕೂಲು ಮಾಸ್ತರ ಒಂದೂವರೆಗೆ ಕೈ ತೊಳೆಯುತ್ತಾರೆ. ಇಬ್ಬರದೂ ಒಂದೇ ದರ. ಮಾಲಕರು ಬದುಕುವುದು ಮಾಸ್ತರರಿಂದ. ಹೆಸರು ಗಳಿಸುವುದು ರೈತನಿಂದ. ಕ್ಯಾನ್‌ಕುನ್‌ನಲ್ಲಿ ನನ್ನ ತಂಗಿ ಮತ್ತು ಅವಳ ಗಂಡ ಮಾಸ್ತರರ ಪಂಗಡ. ಮಾಂಸ ಇಲ್ಲ, ಮೀನು ಇಲ್ಲ, ಹೊತ್ತು ಹುಟ್ಟಿದಾಗಿನಿಂದ ಹರಿಯುವ ಮದ್ಯವಂತೂ ಇಲ್ಲವೇ ಇಲ್ಲ. ಅವರು ತೆತ್ತ ಪಾಯಿಂಟಿನಲ್ಲಿ ಯಾವನೋ ಟೆಕ್ಸಾಸಿನವನು ಈಜುಕೊಳದಲ್ಲಿ ನಿಂತು ಐದನೆಯ ಗ್ಲಾಸು ಎತ್ತುತ್ತಾನೆ. ಇದನ್ನು ಅಳಿಯನಿಗೆ ಹೇಳಿದೆ. “ಪಾಯಿಂಟ್ ಪುಕ್ಕಟೆ ಬಂದಾವ ಮಾಮಾ” ಅಂದ. ಕಂಪನಿ ಖರ್ಚಿನಲ್ಲಿ ಊರೂರು ತಿರುಗಿ, ಕಾರ್ಡಿನಲ್ಲಿ ಕಿರಾಣಿ ಕೊಂಡು, ವರ್ಷಗಟ್ಟಲೆ ಕೂಡಿಸಿದ್ದು ಪುಕ್ಕಟೆ ಹೇಗಾಯಿತೋ ನನಗೆ ತಿಳಿಯಲಿಲ್ಲ.

ಪಾಯಿಂಟು ನನಗೆ ಅರ್ಥವಾದದ್ದು ಆಯೇರದ ವಹಿಯಿಂದ. ಮದುವೆಯಲ್ಲಿ ಮಂಟಪದ ಪಕ್ಕ ಒಬ್ಬ ಹಿರಿಯ ಕನ್ನಡಕ ಏರಿಸಿ ಕೂತಿರುತ್ತಾನೆ: ಇಂಥವರಿಂದ ಸೀರೆ ಒಂದು, ಇಂಥವರಿಂದ ಟವೆಲ್ಲು-ಟೊಪಿಗೆ, ಇಂಥವರಿಂದ ನೂರಾ ಒಂದು. ಆ ವಹಿ ಟ್ರಂಕಿನಲ್ಲಿ ಉಳಿದು, ಅವರ ಮನೆಯ ಮದುವೆ ಬಂದಾಗ ಹೊರಗೆ ಬರುತ್ತದೆ. ಇದಕ್ಕೆ ಅವಧಿ ತೀರುವುದಿಲ್ಲ. ಬೆಲೆ ಮಾತ್ರ ಇಳಿಯುತ್ತದೆ. ಇಳಕಲ್ ಸೀರೆ ಕೊಟ್ಟವರಿಗೆ ಪಾಲಿಯೆಸ್ಟರ್ ತಿರುಗಿ ಬಂದು ಎರಡು ಮನೆಗಳ ಮಾತು ನಿಂತದ್ದು ನಮ್ಮ ಬಳಗದಲ್ಲೇ ಇದೆ. ಹೋಟೆಲುಗಳೂ ಇದನ್ನೇ ಮಾಡುತ್ತವೆ: ಕಳೆದ ವರ್ಷ ಇಷ್ಟು ಪಾಯಿಂಟಿಗೆ ಸಿಗುತ್ತಿದ್ದ ಕೋಣೆ ಈ ವರ್ಷ ಮೇಲಿನ ದರ್ಜೆಗೆ ಏರಿರುತ್ತದೆ. ಹಯಾತ್ ಈ ರೆಸಾರ್ಟುಗಳಿಗೆಂದೇ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಮಾಡಿದೆ. ಗಿರಾಕಿಗಳು ಬೈಯುತ್ತಾರೆ, ಮಾತು ಮಾತ್ರ ಬಿಡುವುದಿಲ್ಲ.

ಎಲ್ಲ ಒಳಗೊಂಡದ್ದು, ಪಾಯಿಂಟು, ಈ ಎರಡನ್ನೂ ಒಂದೇ ತಾಟಿಗೆ ಬಡಿಸಿದ್ದೇ ನನಗೆ ವಿಚಿತ್ರ. ಎಲ್ಲ ಒಳಗೊಂಡದ್ದು ಎಂದರೆ ಪಂಕ್ತಿ. ಕೂತವರೆಲ್ಲ ಸಮ, ಕೇಳಿದಷ್ಟು. ಪಾಯಿಂಟಿನ ವ್ಯವಸ್ಥೆ ಎಂದರೆ ದರ್ಜೆ. ಯಾರು ಎಷ್ಟು ಸಲ ಬಂದರು ಎಂಬ ವಹಿ. ಹಯಾತ್‌ನ ಅತಿ ಮೇಲಿನ ದರ್ಜೆಯವರಿಗೆ ಬೇರೆ ಹೋಟೆಲುಗಳಲ್ಲಿ ಬೆಳಗಿನ ಉಪಾಹಾರ ಉಚಿತ. ಅಳಿಯ ಆ ದರ್ಜೆಯವನು, ಅದರ ಹೆಮ್ಮೆ ಬಹಳ. ಆದರೆ ಎಲ್ಲರ ಉಪಾಹಾರವೂ ಕಟ್ಟಿದ ರೊಕ್ಕದಲ್ಲೇ ಮುಗಿದಿರುವ ಜಾಗದಲ್ಲಿ ಇವನ ಗೌರವ ಯಾರಿಗೆ ಕಾಣಬೇಕು? ಕೋಣೆ ದೊಡ್ಡದು ಕೊಟ್ಟಾರು, ಹೊರಡುವ ಹೊತ್ತು ಸ್ವಲ್ಪ ತಡ ಮಾಡಿಯಾರು, ಅಷ್ಟೆ. ಈ ಕೊರತೆ ಅವರಿಗೂ ಹೊಳೆದಿರಬೇಕು. ಸೀಕ್ರೆಟ್ಸ್, ಡ್ರೀಮ್ಸ್‌ಗಳಲ್ಲಿ ‘ಪ್ರಿಫರ್ಡ್ ಕ್ಲಬ್’ ಎಂದು ಇಟ್ಟಿದ್ದಾರೆ. ಹೆಚ್ಚು ತೆತ್ತವರಿಗೆ ಒಳ್ಳೆಯ ಕಡೆಯ ಕೋಣೆ, ಕೂರಲು ಬೇರೆ ಲೌಂಜು. ಪಂಕ್ತಿಯೊಳಗೇ ಇನ್ನೊಂದು ಪಂಕ್ತಿ. ನಮ್ಮ ಖಾನಾವಳಿಯಲ್ಲೂ ತಿಂಗಳ ಊಟದವರಿಗೆ ಮೊಸರಿನ ಮೇಲಿನ ಕೆನೆ ಬೀಳುತ್ತದೆ, ಹೋಗಿಬರುವವರಿಗೆ ತಳದ್ದು. ಅದನ್ನು ಬೋರ್ಡಿನ ಮೇಲೆ ಬರೆಯುವುದಿಲ್ಲ ಎಂಬುದೇ ಸೌಜನ್ಯ.

ದರ್ಜೆಯಿಲ್ಲದ್ದು ಬೇಕೆಂದರೆ ದಾಸೋಹಕ್ಕೇ ಹೋಗಬೇಕು. ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲಿ ಅದಕ್ಕೇನು ಬರವಿಲ್ಲ. ನಗರದಲ್ಲಿ ಜ್ಞಾನಯೋಗಾಶ್ರಮವಿದೆ, ಅಲ್ಲಿ ಬಹುಕಾಲ ಇದ್ದು 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮಿಗಳು ಈ ರಸ್ತೆಯ ಸೀಮೆಯ ಬಿಜ್ಜರಗಿಯವರೇ. ಜೇಬಿಲ್ಲದ ಅಂಗಿ ತೊಟ್ಟವರು ಎಂದು ಅವರು ಹೆಸರಾಗಿದ್ದರು. ಜೇಬೇ ಇಲ್ಲದಿದ್ದರೆ ಕಾರ್ಡು ಎಲ್ಲಿ ಇಡುವುದು? ಹಾಗೆಂದು ನಾನು ಅಳಿಯನಿಗೆ ಉಪದೇಶ ಮಾಡಲಿಲ್ಲ. ಸಮುದ್ರ ಕಾಣದ ಅವ್ವನಿಗೆ ಸಮುದ್ರ ತೋರಿಸುವವನ ಲೆಕ್ಕ ತಪ್ಪಿದ್ದರೂ ಬುದ್ಧಿ ನೆಟ್ಟಗಿದೆ.

ಕೊನೆಗೆ ನನ್ನ ತೀರ್ಪು ಕೇಳಿದ. ಹೆಸರು ಬಿಡು, ಎರಡು ಸಂಗತಿ ವಿಚಾರಿಸು ಎಂದೆ. ಬಫೆಯಲ್ಲಿ ತಾಟು ಹಿಡಿದು ತಿರುಗಬೇಕೋ, ಕೂತಲ್ಲಿ ತಂದು ಬಡಿಸುತ್ತಾರೋ? ನಿಮ್ಮ ಅಪ್ಪನ ಮೊಣಕಾಲು ನೋಡಿದರೆ ಇದೇ ದೊಡ್ಡ ಪ್ರಶ್ನೆ. ಎರಡನೆಯದು, ಮುಂಚೆ ಬರೆದು ತಿಳಿಸಿದರೆ ಮಾಂಸ ತಾಗದ ಬೇರೆ ಪಾತ್ರೆಯಲ್ಲಿ ಬೇಳೆ-ಅನ್ನ ಬೇಯಿಸಿ ಕೊಡುತ್ತಾರೋ? ಅವನು ವಿಚಾರಿಸಿದ. ಝಿವಾ ಗೆದ್ದಿತು, ಮೂರು ವರ್ಷದ ಮೊಮ್ಮಗಳೂ ಹೋಗಬಹುದು ಎಂಬುದು ಹೆಚ್ಚಿನ ಲಾಭ.

ತಂಗಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಎರಡು ಕಿಲೋ ಒಣದ್ರಾಕ್ಷಿ ಇವೆಲ್ಲ ಅವಳ ಪಟ್ಟಿಯಲ್ಲಿ ಮೊದಲೇ ಇದ್ದವು. ಮೊನ್ನೆ ಹೋದಾಗ ಗುಳೇದಗುಡ್ಡದ ಖಣ ಒಂದನ್ನು ಬೇರೆ ತೆಗೆದಿಟ್ಟಿದ್ದಳು. ಯಾರಿಗೆ ಎಂದು ಕೇಳಿದೆ.

“ನಾಕ್ ದಿನ ಇದ್ದು ಉಂಡು ಬರತೀವಿ, ಬರೀ ಕೈಲೆ ಹೋಗಾಕ ಬರತೈತೇನ? ಅಲ್ಲಿ ಅಡಗಿ ಮಾಡಾಕಿ ಯಾರರ ಇದ್ದ ಇರತಾಳ.”