ಬೆನ್ನು ಸವೆದ ಕತ್ತಿ

ಮನೆ ಪಾಲಾಗುವಾಗ ಯಾರೂ ಜಗಳ ಕಾಯದ ವಸ್ತುಗಳು ಕೆಲವು ಇರುತ್ತವೆ. ತೋಟಕ್ಕೆ, ಗದ್ದೆಗೆ, ತಾಮ್ರದ ಹಂಡೆಗೆ, ಕೊನೆಗೆ ಕಾಲು ಮುರಿದ ಆರಾಮಕುರ್ಚಿಗೂ ವಾರಸುದಾರರು ಎದ್ದು ಬರುತ್ತಾರೆ. ಸತ್ತವರ ಕನ್ನಡಕ, ಹಲ್ಲಿನ ಸೆಟ್ಟು, ಕ್ಷೌರದ ಕತ್ತಿ ಇವಕ್ಕೆ ಮಾತ್ರ ಯಾರೂ ಬರುವುದಿಲ್ಲ. ಅಜ್ಜನ ಕತ್ತಿ ನನ್ನ ಪಾಲಿಗೆ ಬಂದದ್ದು ಹಾಗೆ, ಉಳಿದವರೆಲ್ಲ ಬೇಡವೆಂದದ್ದರಿಂದ. ಮಡಚುವ ಕತ್ತಿ. ಅಲಗಿನ ತುಂಬ ಕಂದು ತುಕ್ಕು, ಬಿರುಕು ಬಿಟ್ಟ ಸೆಲ್ಯುಲಾಯ್ಡ್ ಹಿಡಿ. ಕುತ್ತಿಗೆಯ ಮೇಲೆ ಒಂದು ನಕ್ಷತ್ರ, ಒಂದು ಶಿಲುಬೆ, ಪಕ್ಕದಲ್ಲಿ ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ಶೆಫೀಲ್ಡ್, ಇಂಗ್ಲೆಂಡ್ ಎಂಬ ಮುದ್ರೆ.

ಹಳೇ ಕತ್ತಿ ಕೂಡಿಡುವವರು ಮೊದಲು ಹುಡುಕುವುದು ಆ ಕೊನೆಯ ‘ಇಂಗ್ಲೆಂಡ್’ ಅನ್ನು. 1890ರಲ್ಲಿ ಅಮೆರಿಕ ಒಂದು ಸುಂಕದ ಕಾಯ್ದೆ ತಂದು, ಹೊರಗಿನಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕೆಂದಿತು. ಹಾಗಾಗಿ ದೇಶದ ಹೆಸರಿದ್ದರೆ ಕತ್ತಿ ಬಹುಮಟ್ಟಿಗೆ ಅದರಿಂದೀಚಿನದು. ಮಲೆನಾಡಿನ ಮೂಲೆಯ ಅಡಿಕೆ ತೋಟದವರೊಬ್ಬರ ಗಲ್ಲ ಕೆರೆದ ಕತ್ತಿಯ ವಯಸ್ಸನ್ನು ಅಮೆರಿಕದ ಸುಂಕದವರು ಹೇಳಬೇಕಾಯಿತು.

ಶೆಫೀಲ್ಡಿಗೆ ಒಳ್ಳೆಯ ಉಕ್ಕು ಕೊಟ್ಟವನು ಒಬ್ಬ ಗಡಿಯಾರದವನು. ಗಡಿಯಾರದ ಸ್ಪ್ರಿಂಗಿಗೆ ಒಗ್ಗುವ ಉಕ್ಕು ಸಿಗದೆ ಬೇಸತ್ತ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ದ. ಊರಿನ ಕತ್ತಿ ಮಾಡುವವರು ಇದು ವಿಪರೀತ ಗಡಸು ಎಂದು ಮೂಗು ಮುರಿದರು. ಫ್ರಾನ್ಸಿನವರು ಕೊಂಡರು, ಆಮೇಲೆ ಇವರಿಗೂ ಬೇಕಾಯಿತು. ಮೂಸೆಯ ಉಕ್ಕು ನಮ್ಮ ಮೈಸೂರು ಸೀಮೆಯ ಕುಲುಮೆಗಳಿಗೆ ಹೊಸದಲ್ಲ. ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು, ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಕಾಯಿಸುತ್ತಿದ್ದರು. 1800ರಲ್ಲಿ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಹಿಂದೂಸ್ತಾನದ ಈ ಉಕ್ಕು ಲಂಡನ್ನಿಗೂ ಹೋಯಿತು. ಅಲ್ಲಿ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ಮಾಡುವವನಿಗೆ ಇದರ ಹುಚ್ಚು ಹಿಡಿಯಿತು. ಅವನೂ ಮೈಕೆಲ್ ಫ್ಯಾರಡೆಯೂ (ಹೌದು, ಕರೆಂಟಿನ ಫ್ಯಾರಡೆಯೇ) ಸೇರಿ ಅದರ ಗುಟ್ಟು ಹುಡುಕಲು ಹೊರಟು, ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಎಲ್ಲ ಬೆರೆಸಿ ನೋಡಿ, 1820ರಲ್ಲೂ 1822ರಲ್ಲೂ ಫಲಿತಾಂಶ ಪ್ರಕಟಿಸಿದರು. ಫ್ಯಾರಡೆ ತನ್ನ ಉಕ್ಕಿನ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆ ಕೊಟ್ಟನಂತೆ. ಪಡೆದವರು ಬೆಳಿಗ್ಗೆ ಅವನನ್ನು ಹರಸಿದರೋ ಶಪಿಸಿದರೋ ಧಾರೆಯ ಮೇಲೆ ಹೋಗುತ್ತದೆ.

ಕತ್ತಿಯ ಮೇಲೆ ಕಂಪನಿಯ ಹೆಸರಿದೆ, ಸಾಣೆ ಹಿಡಿದವನ ಹೆಸರಿಲ್ಲ. ಶೆಫೀಲ್ಡಿನ ಸಾಣೆ ಕೆಲಸದವರು ಕಲ್ಲಿನ ಧೂಳು ಕುಡಿದು ಎದೆ ಕೆಟ್ಟು, ಎಷ್ಟೋ ಮಂದಿ ನಡುವಯಸ್ಸು ದಾಟದೆ ಸತ್ತರು. ಇದನ್ನು ಓದಿದ ಮೇಲೆ ಆ ನಕ್ಷತ್ರವನ್ನು ಮೊದಲಿನ ಬೆರಗಿನಿಂದ ನೋಡಲು ನನಗಾಗಿಲ್ಲ.

ಇನ್ನು ರಿಪೇರಿಯ ವಿಷಯ. ಹಳೇ ಸೆಲ್ಯುಲಾಯ್ಡ್ ಕೊಳೆಯುತ್ತದೆ. ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ, ತಾನು ಕಾಪಾಡಬೇಕಾದ ಅಲಗನ್ನೇ ತಿನ್ನುತ್ತದೆ. ತುಕ್ಕು ಹೆಚ್ಚಿದ್ದದ್ದು ಹಿಡಿಯೊಳಗೆ ಅಡಗಿದ್ದ ಭಾಗದಲ್ಲೇ. ಹಿಡಿಯನ್ನು ಉಳಿಸುವ ಭಾವುಕತೆ ಇಲ್ಲಿ ನಡೆಯುವುದಿಲ್ಲ. ಗುಬ್ಬಿಮೊಳೆ ಕೊರೆದು ತೆಗೆದು, ಹಳೇ ಮನೆಯ ಕಿಟಕಿಯ ಬೀಟೆ ಚೂರಿನಿಂದ ಹೊಸ ಹಿಡಿ ಮಾಡಿ, ಹಿತ್ತಾಳೆ ತಂತಿಯನ್ನು ಸಣ್ಣ ಸುತ್ತಿಗೆಯಿಂದ ಕುಟ್ಟಿ ಕೂರಿಸಿದ್ದಾಯಿತು. ತುಕ್ಕಿಗೆ ನೀರಿನಲ್ಲಿ ಉಜ್ಜುವ ಮರಳು ಕಾಗದ, ಒರಟಿನಿಂದ ನುಣುಪಿನ ಕಡೆಗೆ, ಆಮೇಲೆ ಬ್ರಾಸೋ. ಬಾಯಿಯ ಅಂಚಿನಲ್ಲೇ ಗುಳಿ ಬಿದ್ದಿದ್ದರೆ ಕತ್ತಿ ಗೋಡೆಗೆ ತೂಗುಹಾಕಲು ಮಾತ್ರ ಲಾಯಕ್ಕು. ಪುಣ್ಯಕ್ಕೆ ಇದರ ಗುಳಿಗಳೆಲ್ಲ ಬೆನ್ನಿನ ಹತ್ತಿರ ಇದ್ದವು. ಅವನ್ನು ಪೂರ್ತಿ ಅಳಿಸುವ ಹಟ ನಾನು ಮಾಡಲಿಲ್ಲ. ಹೊಸದರಂತೆ ಹೊಳೆಯುವ ಹಳೇ ಕತ್ತಿ ನನಗೆ ಸ್ವಲ್ಪ ಅಸಹ್ಯ.

ಸೈಕಲ್ಲಿನ ಸಾಣೆಚಕ್ರದವನ ಕೈಗೆ ಇದನ್ನು ಕೊಡಬಾರದು. ಅಡಿಗೆಮನೆ ಚಾಕುವಿಗೆ ಅವನು ಸರಿ. ಕ್ಷೌರದ ಕತ್ತಿಯ ಬಾಯಿ ಎಷ್ಟು ತೆಳುವೆಂದರೆ ಕಿಡಿ ಹಾರುವಷ್ಟರಲ್ಲಿ ನೀಲಿಗಟ್ಟುತ್ತದೆ, ನೀಲಿಗಟ್ಟಿದರೆ ಹದ ಹೋಯಿತು. ಇದಕ್ಕೆ ಬೇಕಾದ್ದು ನೀರು ಹನಿಸಿದ ಸಪಾಟು ಕಲ್ಲು: 1000 ನಂಬರಿನದರಿಂದ ಶುರುವಾಗಿ 5000, 8000, 12000ದವರೆಗೆ. ಕತ್ತಿಯನ್ನು ಅಡ್ಡ ಮಲಗಿಸಿ, ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುವಂತೆ, ಬಾಯಿ ಮುಂದಾಗಿ ಎಳೆಯಬೇಕು. ಕೋನವನ್ನು ನಾವು ಕಾಯಬೇಕಿಲ್ಲ, ಬೆನ್ನಿನ ದಪ್ಪವೇ ಕಾಯುತ್ತದೆ. ಬಾಯಿ ಸವೆದಂತೆ ಬೆನ್ನೂ ಸವೆಯುವುದರಿಂದ ತಲೆಮಾರು ಕಳೆದರೂ ಕೋನ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಇದನ್ನು ಮೊದಲು ಯೋಚಿಸಿದವನಿಗೆ ನನ್ನ ನಮಸ್ಕಾರ. ಕಡೆಗೆ ತೊಗಲು ಪಟ್ಟಿ; ಅಲ್ಲಿ ದಿಕ್ಕು ತಿರುಗುಮುರುಗು, ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿ ಮುಂದೆ ಮಾಡಿದರೆ ತೊಗಲು ಎರಡು ತುಂಡು.

ಕಲ್ಲು ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಅಂಚಿಗೂ ಬೆನ್ನಿಗೂ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎಳೆಯುತ್ತಾರೆ. ಅಳಿಸಿದ ಕಡೆ ತಾಗಿದೆ ಎಂದರ್ಥ. ನಾನೂ ಬಳಿದೆ. ಮೊನೆಯ ಕಡೆ ಶಾಯಿ ಹೋಗಲಿಲ್ಲ. ದೀಪಕ್ಕೆ ಹಿಡಿದು ನೋಡಿದರೆ, ಬೆನ್ನಿನ ಮೇಲೆ ಕಲ್ಲು ಸವೆಸಿದ ಪಟ್ಟೆ ಹಿಡಿಯ ಕಡೆ ಅಗಲ, ಮೊನೆಯ ಕಡೆ ನೂಲಿನಷ್ಟು. ಹಿಂದೆ ಇದನ್ನು ಮಸೆದ ಕೈ ಯಾವಾಗಲೂ ಹಿಡಿಯ ಹತ್ತಿರ ಭಾರ ಬಿಡುತ್ತಿತ್ತು. ನನ್ನ ಅಜ್ಜನ ಮಣಿಕಟ್ಟನ್ನೇ ಮುಟ್ಟಿದಷ್ಟು ಸಂಭ್ರಮವಾಗಿ ಅತ್ತೆಗೆ ಫೋನು ಮಾಡಿದೆ.

“ಮಾಣಿ, ಅಪ್ಪಯ್ಯ ಕತ್ತಿ ಹಿಡೀತಿದ್ದದ್ದು ಕೆನ್ನೆಗೆ ಮಾತ್ರ” ಎಂದರು ಅತ್ತೆ. “ಕಲ್ಲಿಗೆ ಹಿಡಿದವರೇ ಬೇರೆ.”

ಊರಿನ ಕ್ಷೌರಿಕರು ಮನೆಗೆ ಬರುತ್ತಿದ್ದರು. ತಲೆ ಅವರದ್ದು, ಮುಖ ಅಜ್ಜನದ್ದು ಎಂದು ಕೆಲಸ ಹಂಚಿಕೆಯಾಗಿತ್ತು. ತಾಲ್ಲೂಕು ಕಚೇರಿಗೆ ಬೆಳಿಗ್ಗೆಯೇ ಹೊರಡುವ ಅಜ್ಜ ಕ್ಷೌರಿಕರ ಸರದಿ ಕಾಯಲಾಗದೆ ಸ್ವಂತ ಕತ್ತಿ ಇಟ್ಟುಕೊಂಡದ್ದು. ಕತ್ತಿ ಸ್ವಂತದ್ದಾದರೂ ಪಂಚಾಂಗ ಸ್ವಂತದ್ದಾಗಲಿಲ್ಲ; ಮಂಗಳವಾರ, ಶುಕ್ರವಾರ, ಏಕಾದಶಿ, ಅಮಾವಾಸ್ಯೆಗೆ ಅದು ಪೆಟ್ಟಿಗೆಯಲ್ಲೇ. ಧಾರೆ ಮಂಕಾದಾಗ ಕ್ಷೌರಿಕರು ತಮ್ಮ ಕತ್ತಿಗಳ ಜೊತೆ ಇದನ್ನೂ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಮಸೆದುಕೊಡುತ್ತಿದ್ದರು. ಜಗಲಿಯ ಮೇಲೆ ಕೂರುವಂತಿರಲಿಲ್ಲ. ಸುಗ್ಗಿಯಲ್ಲಿ ಭತ್ತ ಕೊಟ್ಟರೆ ವರ್ಷದ ಲೆಕ್ಕ ಮುಗಿಯಿತು. ಬೆನ್ನಿನ ಮೇಲಿನ ಆ ಓರೆ ಪಟ್ಟೆ ಅವರ ಕೈಯದು. ನಮ್ಮ ವಂಶದ ಆಸ್ತಿ ಎಂದು ನಾನು ತಂದಿಟ್ಟುಕೊಂಡದ್ದರಲ್ಲಿ ನಮ್ಮ ವಂಶದ್ದು ಏನಿದೆ ಎಂದು ಹುಡುಕಿದೆ. ಕೊಂಡ ದುಡ್ಡು ನಮ್ಮದಿತ್ತು.

ಆ ಕ್ಷೌರಿಕರ ಮೊಮ್ಮಗ ಪೇಟೆಯಲ್ಲಿ ಸಲೂನು ಇಟ್ಟಿದ್ದಾರೆ. ಕತ್ತಿ ತೋರಿಸಲು ಹೋದೆ. ಅಲ್ಲಿ ಈಗ ಗಿರಾಕಿಗೊಂದು ಹೊಸ ಬ್ಲೇಡು, ಅದೂ ಮುರಿದ ಅರ್ಧ. ಎಚ್‌ಐವಿಯ ಭಯ ಹರಡಿದ ಮೇಲೆ ಮಸೆಯುವ ಕತ್ತಿ ಸಲೂನುಗಳಿಂದ ಹೋಯಿತು, ಹೋದದ್ದು ಒಳ್ಳೆಯದೇ. ಬಿಸಾಡುವ ಬ್ಲೇಡಿನ ಯೋಚನೆ ಕಿಂಗ್ ಜಿಲೆಟ್‌ನದು. 1903ರಲ್ಲಿ ಅವನ ಕಂಪನಿ ಮಾರಿದ್ದು ಬರೀ 51 ರೇಜರು. ಮೊದಲ ಮಹಾಯುದ್ಧ ಬಂದು ಅಮೆರಿಕದ ಸೈನಿಕರ ಚೀಲಕ್ಕೆಲ್ಲ ರೇಜರು ಸೇರಿದ ಮೇಲೆ ಮಸೆಯುವ ವಿದ್ಯೆ ಮನೆಮನೆಗಳಿಂದ ಜಾಗ ಖಾಲಿ ಮಾಡತೊಡಗಿತು.

ಸಲೂನಿನವರು ಕತ್ತಿಯನ್ನು ತಿರುಗಿಸಿ ನೋಡಿ ನಕ್ಕರು. “ನಮ್ಮಜ್ಜಂಗೆ ಬಲಗೈ ಹೆಬ್ಬೆರಳು ಮಡಚ್ತಿರ್ಲಿಲ್ಲ ಮಾರಾಯ್ರೇ. ಹಿಡಿ ಹತ್ರ ಒತ್ತದೆ ಅವ್ರಿಗೆ ಆಗ್ತಿರ್ಲಿಲ್ಲ.” ಮೊನೆಗೂ ಕಲ್ಲು ತಾಗಬೇಕಾದರೆ ಏನು ಮಾಡಲಿ ಎಂದೆ. “ಭಾರ ಬಿಡ್ಬೇಡಿ. ಕತ್ತಿದೇ ತೂಕ ಸಾಕು. ಮೊನೆ ಬಂದಾಗ ಚೂರು ಓರೆ ಎಳೀರಿ.” ಇದನ್ನು ನೀವೇ ಇಟ್ಟುಕೊಳ್ಳಿ ಎಂದು ನಾನಂದದ್ದಕ್ಕೆ ಅವರು ಒಪ್ಪಲಿಲ್ಲ. ಅವರಿಗೆ ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುವ ಆಸೆ ಯಾವತ್ತೂ ಇರಲಿಲ್ಲವಂತೆ. ಆ ಉತ್ತರ ನನಗೆ ಸರಿಯೆನಿಸಿತು.

ಈಗ ನಾನು ದಿನಾ ಅದರಲ್ಲೇ ಮುಖ ಬೋಳಿಸುತ್ತೇನೆ. ಸೋಪಿನ ನೊರೆಯಲ್ಲಿ ಗಡ್ಡ ಚೆನ್ನಾಗಿ ನೆನೆಯಬೇಕು, ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಿರಬೇಕು, ಆಮೇಲೆ ಪಟಿಕ. ಅವಸರದ ದಿನ ಮುಟ್ಟಬಾರದು. ನನ್ನ ನಂತರ ಇದು ಅಣ್ಣನ ಮಗನಿಗೆ ಎಂದು ಮನೆಯಲ್ಲಿ ಮಾತಾಗಿತ್ತು. ಆದರೆ ಕೆಜಿಎಫ್ ಸಿನಿಮಾ ಬಂದದ್ದೇ ಅವನು ಗಡ್ಡ ಬಿಟ್ಟವನು ಇನ್ನೂ ತೆಗೆದಿಲ್ಲ. ಕಲ್ಲಿನ ಕೆಲಸ ಹಿಡಿಸಿದ್ದು ಗಡ್ಡವೇ ಇಲ್ಲದ ನನ್ನ ಮಗಳಿಗೆ. ಮೊನೆಯ ಕಡೆ ಶಾಯಿ ಪೂರ್ತಿ ಅಳಿಸಿದ್ದು ಅವಳ ಕೈಯಲ್ಲಿ. ಮೊನ್ನೆ ಅವನು ಬಂದು ಗಡ್ಡದ ಕೆಳಗಿನ ಗೆರೆ ನೇರ ಮಾಡಲು ಕತ್ತಿ ಕೇಳಿದ. ಮಗಳು ಕೊಡಲಿಲ್ಲ. “ಮಸೆಯೋದು ಕಲ್ತ್ಕೊಂಡು ಬಾ ಅಣ್ಣಾ, ಆಮೇಲೆ ನೋಡಣ” ಎಂದಳು.