ನೀರು ಹಾಕದವನ ಹಿತ್ತಲು

ಈ ಸಲ ಕಾರ್ತಿಕದಲ್ಲಿ ಮಳೆ ಬರಲಿಲ್ಲ, ಪುಣ್ಯ. ಪುಣೆ ಜಿಲ್ಲೆಯ ಇಂದಾಪುರದಲ್ಲಿ ಕೂತು ಇದನ್ನು ಗಟ್ಟಿಯಾಗಿ ಹೇಳಿದರೆ ಏಟು ಬಿದ್ದೀತು. ಉಜನಿ ಜಲಾಶಯ ಮಗ್ಗುಲಲ್ಲೇ ಇದ್ದರೂ ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮುಗಿಲು ನೋಡಿಕೊಂಡೇ ಬದುಕುತ್ತವೆ. ಆದರೆ ದೀಪಾವಳಿ ಮುಗಿಯುತ್ತಲೇ ಹಿತ್ತಲಿನ ದಾಳಿಂಬೆಗೆ ನೀರು ನಿಲ್ಲಿಸಿದವನ ಸಂಕಟ ಬೇರೆ. ಮೋಡ ಕಂಡರೆ ಎದೆ ಧಸಕ್ಕೆನ್ನುತ್ತದೆ. ಒಂದು ಹದಮಳೆ ಬಿದ್ದರೂ ಗಿಡ ಮತ್ತೆ ಹಸಿರಾಗಿ, ಏನೂ ಆಗಿಲ್ಲವೆಂಬಂತೆ ಕೂತುಬಿಡುತ್ತದೆ. ಈ ವರ್ಷ ಹಾಗಾಗಲಿಲ್ಲ. ಡಿಸೆಂಬರ್ ಹೊತ್ತಿಗೆ ಗಿಡಗಳು ಬುಡದಿಂದ ನೆತ್ತಿಯವರೆಗೆ ಅರಿಶಿನ ಬಳಿದುಕೊಂಡು ನಿಂತಿದ್ದವು.

ಟೊರಾಂಟೊದಲ್ಲಿರುವ ತಂಗಿ ಅಕ್ಟೋಬರ್ ಬಂತೆಂದರೆ ಮೇಪಲ್ ಮರಗಳ ಫೋಟೋ ಕಳಿಸಲು ಶುರುಮಾಡುತ್ತಾಳೆ. ಅದರ ಬೆನ್ನಿಗೇ ಅವಳ ಚಳಿಗಾಲದ ತಯಾರಿಯ ವರದಿ: ಗುಲಾಬಿಯ ಬುಡಕ್ಕೆ ಮಣ್ಣು ಏರಿಸಿದ್ದಾಯಿತು, ಮೇಲೆ ಗೋಣಿತಾಟು ಸುತ್ತಿದ್ದಾಯಿತು, ಕರಿಬೇವಿನ ಕುಂಡ ಒಳಮನೆ ಸೇರಿತು. ಒಳಮನೆ ಸೇರಿದ ಕರಿಬೇವು ಮುನಿಸಿಕೊಂಡು ಎಲೆ ಉದುರಿಸುತ್ತದೆ. ಅದಕ್ಕೂ ಒಂದು ಫೋಟೋ. ಬಣ್ಣದ ವಿಷಯದಲ್ಲಿ ನಾನು ಅವಳಿಗೆ ಸೋಲುವವನಲ್ಲ. ಅವಳ ಶರತ್ಕಾಲ ಪುಕ್ಕಟೆ ಬರುತ್ತದೆ. ನನ್ನದನ್ನು ನಾನೇ ಕೈಯಾರೆ ಬರಿಸಬೇಕು.

ದಾಳಿಂಬೆ ಮೂಲತಃ ಇರಾನಿನ ಕಡೆಯದು. ಅಲ್ಲಿ ಚಳಿ ಬಿದ್ದರೆ ಯಾರೂ ಹೇಳದೆಯೇ ಎಲೆ ಹಳದಿ ಮಾಡಿ, ಉದುರಿಸಿ, ಮಲಗುತ್ತದೆ. ಇನ್ನೂ ಕಡುಚಳಿಯ ಉಜ್ಬೆಕಿಸ್ತಾನದಲ್ಲಿ ಕೊಂಬೆಗಳನ್ನು ನೆಲಕ್ಕೆ ಬಾಗಿಸಿ ಮಣ್ಣಲ್ಲಿ ಹೂತಿಟ್ಟು, ವಸಂತ ಬಂದಾಗ ಮತ್ತೆ ಎಬ್ಬಿಸುವುದುಂಟು. ನಮ್ಮ ದಖ್ಖನ್ನಿಗೆ ಬಂದ ಮೇಲೆ ಅದಕ್ಕೆ ಮಲಗುವುದೇ ಮರೆತುಹೋಯಿತು. ವರ್ಷವಿಡೀ ಎಲೆ, ಮನಸ್ಸಿಗೆ ಬಂದಾಗ ನಾಲ್ಕು ಹೂವು, ಎಲ್ಲೋ ಎರಡು ಕಾಯಿ. ಅದಕ್ಕೇ ಇಲ್ಲಿಯವರು ಬಹಾರ್ ಹಿಡಿಯುತ್ತಾರೆ, ಅಂದರೆ ಬೇಕಾದ ಕಾಲಕ್ಕೆ ಹೂ ಬರಿಸುತ್ತಾರೆ: ಮಳೆ ಶುರುವಾದಾಗ ಹೂ ಬರುವ ಹಾಗೆ ಮೃಗ ಬಹಾರ್, ಮಳೆ ಹಿಂದೆಗೆಯುವಾಗ ಹಸ್ತ, ಮಾವಿನ ಹೂವಿನ ಜೊತೆಗೆ ಅಂಬೆ ಬಹಾರ್. ಯಾವುದೇ ಆದರೂ ಒಳಗುಟ್ಟು ಒಂದೇ. ಚಳಿ ಮಾಡಬೇಕಾದ ಕೆಲಸವನ್ನು ಬಾಯಾರಿಕೆಯಿಂದ ಮಾಡಿಸುವುದು. ನಾನು ಅಂಬೆಯವನು. ಬಾಯಾರಿಸುವ ದಿನಗಳು ನವೆಂಬರ್, ಡಿಸೆಂಬರಿಗೆ ಬರುವುದರಿಂದ ಸ್ವಲ್ಪ ಚಳಿಯೂ ಕೈಜೋಡಿಸುತ್ತದೆ.

ಎಷ್ಟು ದಿನ ಒಣಗಿಸಬೇಕು? ಗರಸು ಮಣ್ಣಿಗೆ ನಾಲ್ಕೈದು ವಾರ, ಎರೆಮಣ್ಣಿಗೆ ಇನ್ನೂ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ನಾನು ಕ್ಯಾಲೆಂಡರ್ ನೋಡುವುದಿಲ್ಲ, ಹೆಬ್ಬೆರಳನ್ನು ನಂಬುತ್ತೇನೆ. ದಾಳಿಂಬೆಯ ಎಲೆ ಕಿರಿದು, ನುಣುಪು, ತೊಟ್ಟಿನಲ್ಲಿ ತುಸು ಕೆಂಪು. ಹಳದಿಗೆ ತಿರುಗಿದ ಎಲೆಯ ತೊಟ್ಟಿಗೆ ಹೆಬ್ಬೆರಳ ಉಗುರು ತಾಗಿಸಿ, ಎಳೆಯಬಾರದು, ಬರಿದೆ ಕೆಳಕ್ಕೆ ಒತ್ತಬೇಕು. ಹದ ಬಂದಿದ್ದರೆ ಎಲೆ ಕಳಚಿ ಅಂಗೈಗೆ ಬೀಳುತ್ತದೆ, ತೊಟ್ಟಿದ್ದ ಜಾಗದಲ್ಲಿ ಒಣಗಿದ ಪುಟ್ಟ ಕಲೆ. ಬಂದಿರದಿದ್ದರೆ ತೊಟ್ಟಿನ ಜೊತೆ ಸಿಪ್ಪೆಯ ಹಸಿ ನಾರೊಂದು ಸುಲಿದು ಬರುತ್ತದೆ. ನಾರು ಬಂತೋ, ಸುಮ್ಮನೆ ಒಳಗೆ ಹೋಗಿ ಚಹಾ ಕುಡಿಯಬೇಕು, ಮತ್ತೆ ನಾಲ್ಕು ದಿನ ಗಿಡದ ಕಡೆ ತಲೆ ಹಾಕಬಾರದು. ಪರೀಕ್ಷೆಯನ್ನು ಹೊರಗಿನ ಎಳೆಯ ರೆಂಬೆಯಲ್ಲಲ್ಲ, ಗಿಡದ ಹೊಟ್ಟೆಯೊಳಗಿನ ಹಳೆಯ ಎಲೆಯಲ್ಲೂ ಅಲ್ಲ, ಎರಡರ ನಡುವೆ ಮಾಡಬೇಕು. ಹಳೆಯ ಎಲೆ ಎಲ್ಲರಿಗಿಂತ ಮೊದಲು ಶರಣಾಗುತ್ತದೆ, ಅದರ ಸಾಕ್ಷಿ ನಡೆಯುವುದಿಲ್ಲ. ಬೆಳಗಿನ ಇಬ್ಬನಿಯಲ್ಲೂ ಬೇಡ. ಮಧ್ಯಾಹ್ನ ಊಟವಾದ ಮೇಲೆ ಪ್ರಶಸ್ತ.

ಇಷ್ಟು ಹೇಳಿದರೆ ತೋಟದವರು ನಗುತ್ತಾರೆ. ಪಕ್ಕದ ತೋಟದ ಕಾಕಾ ಅವರಂತೂ, “ನೀವು ಎಲೆ ಎಲೆಯನ್ನೂ ಕೇಳಿಕೊಂಡು ಕೂತಿರಿ, ನಾನು ಪಂಪು ಹೆಗಲಿಗೇರಿಸಿ ಬರುತ್ತೇನೆ” ಎಂದರು. ಅವರದು ಎಥ್ರೆಲ್. ಗಿಡದೊಳಗೆ ಹೊಕ್ಕು ಎಥಿಲೀನ್ ಅನಿಲ ಬಿಡುವ ಔಷಧಿ. ಅನಿಲ ತೊಟ್ಟಿನ ಬುಡವನ್ನು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಗಿಡ ಬೋಳು. ನೂರಾರು ಗಿಡ ಇಟ್ಟವರಿಗೆ ಅದು ಬೇಕು, ಒಪ್ಪಿದೆ. ಎಲ್ಲ ಗಿಡವೂ ಒಟ್ಟಿಗೆ ಹೂಬಿಟ್ಟರೆ ತಾನೆ ಮಾರುಕಟ್ಟೆಗೆ ಒಂದೇ ಸಲ ಮಾಲು ಕಳಿಸಲು ಆಗುವುದು? ನನ್ನ ಜಗಳ ಔಷಧಿಯ ಜೊತೆ ಅಲ್ಲ, ಅವಸರದ ಜೊತೆ. ಗಿಡ ಮೊದಲು ತಾನಾಗಿ ಹಳದಿಯಾಗಿ, ಒಂದಷ್ಟು ಎಲೆ ತಾನೇ ಚೆಲ್ಲಿದ ಮೇಲೆ ಲೀಟರಿಗೆ ಎರಡು, ಎರಡೂವರೆ ಮಿಲಿ ಹೊಡೆಯಬೇಕು ಎಂಬುದು ಪದ್ಧತಿ. ಇವರು ಎರಡು ವಾರ ಒಣಗಿಸಿ, ಕಡುಹಸಿರು ಗಿಡಕ್ಕೆ ದುಪ್ಪಟ್ಟು ಹೊಡೆಯುತ್ತಾರೆ. ಮರುವಾರ ನೋಡಿದರೆ ನೆಲದ ತುಂಬ ಹಸಿರೆಲೆ, ಮೇಲೆ ತುದಿ ಸುಟ್ಟ ರೆಂಬೆಗಳು. ಕೇಳಿದರೆ “ಈ ಸಲ ಹವಾ ಸರಿಯಿಲ್ಲ” ಎನ್ನುತ್ತಾರೆ. ಹವಾ ಏನು ಮಾಡಿತು ಪಾಪ!

ಎಲೆ ಹಳದಿಯಾಗುವುದನ್ನು ಇವರೆಲ್ಲ ಒಣಗುವುದೆಂದು ತಿಳಿದಿದ್ದಾರೆ. ಅದು ಗಿಡ ಲೆಕ್ಕ ಚುಕ್ತಾ ಮಾಡುವ ಹೊತ್ತು. ಎಲೆಯಲ್ಲಿ ಹೂಡಿದ್ದ ಸಾರಜನಕದ ದೊಡ್ಡ ಪಾಲನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಕರಗಿದಾಗ ಮೊದಲಿನಿಂದಲೂ ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ. (ತಂಗಿಯ ಮೇಪಲ್ ಕೆಂಪಿನ ಕತೆ ಬೇರೆ, ಆ ಬಣ್ಣ ಆ ದಿನಗಳಲ್ಲೇ ಹೊಸದಾಗಿ ತಯಾರಾಗುತ್ತದೆ.) ಹಸಿರೆಲೆಯನ್ನೇ ಕೆಡವಿದರೆ ಗಿಡದ ಗಂಟೂ ಅದರ ಜೊತೆಗೇ ನೆಲಕ್ಕೆ. ಮೇಲೆ ಬಾಯಾರಿಕೆ ಸಾಲದ ಗಿಡ, ನೀರು ಕಂಡೊಡನೆ ಹೂವಿನ ಬದಲು ಚಿಗುರು ಬಿಡುತ್ತದೆ. ಆಮೇಲೆ ಹೂ ಬರಿಸಲು ಇನ್ನೊಂದು ಔಷಧಿ, ಬಂದ ಹೂ ಉದುರದಂತೆ ನಿಲ್ಲಿಸಲು ಮತ್ತೊಂದು. ಗೊಬ್ಬರದ ಅಂಗಡಿಯ ಖಾತೆ ಪುಸ್ತಕ ಮಾತ್ರ ವರ್ಷವಿಡೀ ಹಸಿರು.

ಉದುರಿದ ಹಳದಿ ಎಲೆಯನ್ನು ಹಾಗೇ ಹಾಸಿಟ್ಟು ನೋಡುವ ಭಾಗ್ಯ ಮಾತ್ರ ನನಗಿಲ್ಲ. ಇಲ್ಲಿ ತೇಲ್ಯಾ ಎಂದು ಕರೆಯುವ ದುಂಡಾಣು ಅಂಗಮಾರಿ ಬಿದ್ದ ಎಲೆಯಲ್ಲೂ ಉಳಿದುಕೊಳ್ಳುತ್ತದೆ. ಬಾಗಲಕೋಟೆ, ಕೊಪ್ಪಳದ ಕಡೆ ಎಷ್ಟು ತೋಟಗಳನ್ನು ಅದು ಕೀಳಿಸಿತು ಎಂದು ಬಲ್ಲವರು ಎಲೆ ಗುಡಿಸಿ ಸುಡುತ್ತಾರೆ. ನಾನೂ ಗುಡಿಸುತ್ತೇನೆ, ಆದರೆ ಮೊದಲು ಫೋಟೋ ತೆಗೆದು ಟೊರಾಂಟೊಕ್ಕೆ ಕಳಿಸಿ. ಮೂಲೆಯಲ್ಲೊಂದು ಹಳೆಯ ಗಣೇಶ ತಳಿಯ ಗಿಡವಿದೆ, ಪುಣೆಯ ಗಣೇಶಖಿಂಡದ ತೋಟದಲ್ಲಿ 1936ರಲ್ಲಿ ಚೀಮಾ ಅವರು ಆರಿಸಿದ ತಳಿ. ಕಾಳು ಮೆತ್ತಗೆ, ಬಣ್ಣ ತೆಳು. ಪೇಟೆಗೆ ಈಗ ರಕ್ತಗೆಂಪಿನ ಭಗವಾ ಬೇಕು. ತಿನ್ನಲು ನನಗೆ ಗಣೇಶವೇ ಸೈ.

ಹೊರಗಿನವರ ಜೊತೆ ಜಗಳ ಸುಲಭ, ಮನೆಯೊಳಗೆ ಅವ್ವ ಇದ್ದಾಳೆ. “ಯಪ್ಪಾ, ಗಿಡ ಸಾಯಾಕತ್ತಾವ, ಒಂದ್ ತಂಬಿಗಿ ನೀರರೆ ಹಾಕೋ” ಎಂದು ದಿನಕ್ಕೆರಡು ಸಲ. ನಾನು ಪೇಟೆಗೆ ಹೋದಾಗ ಮುಸುರೆ ನೀರು ಗಣೇಶನ ಬುಡಕ್ಕೆ ಹೋಗುತ್ತದೆ. ಅಲ್ಲಿ ಬಿದ್ದಿದ್ದ ಅನ್ನದ ಅಗುಳೇ ಸಾಕ್ಷಿ. ಅವಳ ತವರು ಇಂಡಿ ತಾಲ್ಲೂಕು, ಲಿಂಬೆಯ ಸೀಮೆ. ಅಲ್ಲಿ ಲಿಂಬೆಗೂ ಹೀಗೇ ನೀರು ಬಿಗಿಹಿಡಿದು ಹೂ ತರಿಸುತ್ತಾರೆ, ಚಿಕ್ಕಂದಿನಿಂದ ನೋಡಿದವಳು. ನೆನಪಿಸಿದರೆ “ಅದು ಲಿಂಬಿ, ಇದು ದಾಳಿಂಬ್ರಿ” ಎಂದು ಪ್ರಕರಣ ಮುಗಿಸುತ್ತಾಳೆ. ಉಜನಿಯ ನೀರಿಗಾಗಿ ಜಿಲ್ಲೆ ಜಿಲ್ಲೆಗಳೇ ಕಾದಾಡುತ್ತವೆ, 2021ರಲ್ಲಿ ಇಂದಾಪುರಕ್ಕೆ 5 ಟಿಎಂಸಿ ಎಂದಾಗ ಸೋಲಾಪುರ ಎದ್ದು ನಿಂತು ಆ ಆದೇಶವೇ ರದ್ದಾಯಿತು. ನಾನು ಉಳಿಸಿದ ತಂಬಿಗೆ ನೀರು ಭೀಮೆಯಲ್ಲಿ ಹರಿದು ನಿನ್ನ ಇಂಡಿಗೇ ಹೋಗುತ್ತದೆ ಎಂದೆ. “ಅಷ್ಟ ದೂರ ಯಾಕ ಕಳಸ್ತಿ, ಇಲ್ಲೇ ಹಾಕು” ಎಂದಳು.

ಈಗ ಎಲೆ ಇಳಿದಿದೆ. ರೆಂಬೆಗಳ ತುದಿ ಗೇಣುದ್ದ ಕತ್ತರಿಸಿ, ಬುಡದ ಮರಿಗಳನ್ನು ಕಿತ್ತು, ಕೊಟ್ಟಿಗೆ ಗೊಬ್ಬರ ಕೊಟ್ಟು, ಸಂಕ್ರಾಂತಿ ಸುಮಾರಿಗೆ ಮೊದಲ ನೀರು. ಅದು ಹಗುರವಾಗಿರಬೇಕು, ಎರಡನೆಯದು ಹೆಚ್ಚು ಎಂಬುದು ನನ್ನ ವಾದ. ಕಾಕಾ ಮೊದಲ ಸಲವೇ ಮಡಿ ತುಂಬಿಸಿ ಎನ್ನುತ್ತಾರೆ. ಎಂದೂ ಅವರ ಮಾತು ಒಪ್ಪದ ಅವ್ವ ಈ ಒಂದು ವಿಷಯದಲ್ಲಿ ಅವರ ಪಕ್ಷ ಸೇರಿದ್ದಾಳೆ: “ಇಷ್ಟ ದಿನ ಕಾಡ್ಸಿದ್ದು ಸಾಲಲಿಲ್ಲೇನು? ಹೊಟ್ಟಿ ತುಂಬ ಕುಡಸು.” ಕಾಕಾ ಬೇಲಿಯಾಚೆಯಿಂದ ಮರಾಠಿಯಲ್ಲಿ ಶಹಬ್ಬಾಸ್ ಎನ್ನುತ್ತಾರೆ, ಅವ್ವ ಕನ್ನಡದಲ್ಲಿ ಒಪ್ಪಿಕೊಳ್ಳುತ್ತಾಳೆ. ಹಿತ್ತಲ ನಲ್ಲಿಯ ತಿರುಪು ಬಿಚ್ಚಿ ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.